ಬುರುಡೆಯ ಬಾವುಟವನ್ನು ಎದುರಿನ ಹಡಗಿನಿಂದ ನೋಡಿ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಡಲ್ಗಳ್ಳರ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಕಪ್ಪು ಬಾವುಟದ ಮೇಲಿನ ತಲೆಬುರುಡೆ ಎಂದರೆ ‘ಒಬ್ಬರನ್ನೂ ಉಳಿಸುವುದಿಲ್ಲ’ ಎಂದು ಅರ್ಥ ಅಂತ ಬರೆದಿದ್ದೀರಿ. ಸರಕು ಹಡಗುಗಳಲ್ಲಿ ಇಪ್ಪತ್ತಾರು ವರ್ಷ ದುಡಿದ ನನಗೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ಒಬ್ಬರನ್ನೂ ಉಳಿಸುವುದಿಲ್ಲ ಎಂದು ಸಾರುತ್ತಿದ್ದುದು ಕೆಂಪು ಬಾವುಟ. ಕಪ್ಪು ಬಾವುಟದ ಮಾತೇ ಬೇರೆ: ಹಾಯಿ ಇಳಿಸಿ, ಗುಂಡು ಹಾರಿಸಬೇಡಿ, ಜೀವ ಉಳಿಯುತ್ತದೆ. ಕಳ್ಳರಿಗೆ ಬೇಕಿದ್ದುದು ಸರಕು. ಫಿರಂಗಿ ಹೊಡೆದರೆ ಸರಕೂ ಹಾಳು, ಹಡಗೂ ಹಾಳು, ತಮ್ಮವರೂ ಸಾಯುತ್ತಾರೆ. ಅದಕ್ಕೇ ಯಾವುದೋ ದೇಶದ ಬಾವುಟ ಹಾರಿಸಿಕೊಂಡು ಹತ್ತಿರ ಬಂದು, ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂದಾದ ಮೇಲೆ ಬುರುಡೆಯನ್ನು ಮೇಲೇರಿಸುತ್ತಿದ್ದರು. ಎದುರಿನ ಹಡಗಿನಲ್ಲಿ ಇದ್ದವರು ಸಂಬಳಕ್ಕೆ ದುಡಿಯುವ ನಾವಿಕರು. ಮಾಲೀಕನ ಸಕ್ಕರೆ ಮೂಟೆಗಾಗಿ ಯಾರು ಪ್ರಾಣ ಕೊಡುತ್ತಾರೆ? ಕಳ್ಳರು ಕೊಟ್ಟ ಮಾತನ್ನು ಎಲ್ಲರೂ ಉಳಿಸಿಕೊಂಡರು ಎಂದು ನಾನು ಹೇಳುತ್ತಿಲ್ಲ. ಎಡ್ವರ್ಡ್ ಲೋ ಎಂಬ ಕಳ್ಳನಂಥವನು ಶರಣಾದವರಿಗೂ ಚಿತ್ರಹಿಂಸೆ ಕೊಟ್ಟ. ಆದರೂ ಆ ಬಟ್ಟೆಯ ಮೇಲೆ ಬರೆದದ್ದು ಒಂದು ಷರತ್ತನ್ನು, ಕೊಲೆಯ ಶಪಥವನ್ನಲ್ಲ.

ಬರಹದ ಜೊತೆ ನೀವು ಹಾಕಿದ ಬಾವುಟದ ಚಿತ್ರದಲ್ಲಿ ಇನ್ನೊಂದು ಮುಖ್ಯ ವಸ್ತು ಬಿಟ್ಟುಹೋಗಿದೆ. 1700ರ ಜುಲೈಯಲ್ಲಿ ಇಂಗ್ಲಿಷ್ ನೌಕಾಪಡೆಯ ‘ಪೂಲ್’ ಹಡಗು ಕೇಪ್ ವರ್ಡೆ ದ್ವೀಪಗಳ ಬಳಿ ಇಮ್ಯಾನುಯೆಲ್ ವಿನ್ ಎಂಬ ಫ್ರೆಂಚ್ ಕಡಲ್ಗಳ್ಳನ ಬೆನ್ನುಹತ್ತಿತು. ಅದರ ಕ್ಯಾಪ್ಟನ್ ಜಾನ್ ಕ್ರ್ಯಾನ್ಬಿ, ಕಳ್ಳರ ಕಪ್ಪು ಬಾವುಟದಲ್ಲಿ ಕಂಡದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ: ತಲೆಬುರುಡೆ, ಅಡ್ಡಡ್ಡ ಇಟ್ಟ ಎಲುಬುಗಳು, ಜೊತೆಗೊಂದು ಮರಳು ಗಡಿಯಾರ. ಆ ಗಡಿಯಾರ ನನ್ನನ್ನು ತುಂಬ ಕಾಡುತ್ತದೆ. ಬುರುಡೆ ಸಾವನ್ನು ತೋರಿಸಿದರೆ, ಯೋಚಿಸಲು ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಹೇಳುವುದು ಆ ಮರಳು. ಈ ಎರಡೂ ಕಳ್ಳರೇ ಹುಟ್ಟುಹಾಕಿದ ಗುರುತುಗಳೇನಲ್ಲ. ಯುರೋಪಿನ ಗೋರಿಕಲ್ಲುಗಳ ಮೇಲೆ ಮೊದಲೇ ಕೆತ್ತಿದ್ದವು, ಅಂದಿನ ಯಾವ ನಾವಿಕನಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಡಲ್ಗಳ್ಳ ಬಾರ್ತಲೋಮ್ಯೂ ರಾಬರ್ಟ್ಸ್‌ನ ಬಾವುಟವನ್ನೂ ಸೇರಿಸಬಹುದಿತ್ತು. ಬಾರ್ಬಡೋಸ್ ಮತ್ತು ಮಾರ್ಟಿನಿಕ್ ದ್ವೀಪದವರು ತನ್ನನ್ನು ಹಿಡಿಯಲು ಹಡಗು ಕಳಿಸಿದರೆಂಬ ಸಿಟ್ಟಿಗೆ, ತಾನು ಎರಡು ಬುರುಡೆಗಳ ಮೇಲೆ ನಿಂತಂತೆ ಬರೆಸಿದ. ಒಂದರ ಕೆಳಗೆ ‘ಎಬಿಎಚ್’, ಇನ್ನೊಂದರ ಕೆಳಗೆ ‘ಎಎಮ್‌ಎಚ್’. ಬಾರ್ಬಡೋಸಿನವನ ತಲೆ, ಮಾರ್ಟಿನಿಕ್‌ನವನ ತಲೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. 1722ರ ಫೆಬ್ರುವರಿಯಲ್ಲಿ ಆಫ್ರಿಕಾದ ಕೇಪ್ ಲೋಪೆಜ್ ಬಳಿ ನೌಕಾಪಡೆಯ ಗುಂಡಿಗೆ ಸತ್ತ. ನೀವು ಅಚ್ಚುಹಾಕಿದ, ಬುರುಡೆಯ ಕೆಳಗೆ ಎರಡು ಕತ್ತಿಗಳಿರುವ ಬಾವುಟ ಕಡಲ್ಗಳ್ಳ ಜಾಕ್ ರ‍್ಯಾಕಮ್‌ನದು ಎಂಬುದಕ್ಕಂತೂ ಅವನ ಕಾಲದ ಆಧಾರವೇ ಇಲ್ಲ.

2009ರಲ್ಲಿ, ಸೊಮಾಲಿ ಕಡಲ್ಗಳ್ಳರ ಕಾಟವಿದ್ದ ಏಡನ್ ಕೊಲ್ಲಿ ದಾಟುವಾಗ ನಾನು ಚೀಫ್ ಆಫೀಸರ್ ಆಗಿದ್ದೆ. ಕಟಕಟೆಗೆ ಮುಳ್ಳುತಂತಿ ಸುತ್ತಿದ್ದೆವು, ಬೆಂಕಿ ಆರಿಸುವ ಪೈಪುಗಳಿಂದ ಎರಡೂ ಬದಿಗೆ ನೀರು ಚಿಮ್ಮುತ್ತಿತ್ತು. ಬೆಳಗಿನ ಜಾವದ ಪಾಳಿಯಲ್ಲಿ ಎರಡು ಸಣ್ಣ ದೋಣಿಗಳು ಹಿಂದಿನಿಂದ ನಮ್ಮತ್ತ ಬಂದವು. ಬೈನಾಕ್ಯುಲರ್ ಹಿಡಿದು ನಾನು ಹುಡುಕಿದ್ದು ಒಂದು ಬಾವುಟವನ್ನು, ಒಂದು ಗುರುತನ್ನು. ಏನೂ ಇರಲಿಲ್ಲ. ಮೀನುಗಾರರೋ ಕಳ್ಳರೋ, ನಿಲ್ಲಿಸಬೇಕೋ ಓಡಬೇಕೋ, ಯಾವುದೂ ತಿಳಿಯದೆ ನಲವತ್ತು ನಿಮಿಷ ಕಳೆದೆ. ಆಮೇಲೆ ಅವು ತಾವಾಗಿಯೇ ತಿರುಗಿಹೋದವು. ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಸಂಜೆಯವರೆಗೂ ಬೆರಳು ನೋಯುತ್ತಿದ್ದವು. ವಿನ್‌ನ ಬಾವುಟವನ್ನು ಎದುರಿನ ಹಡಗಿನವರು ಹೇಗೆ ಓದಿರಬೇಕು ಎಂಬುದು ನನಗೆ ಹೊಳೆದದ್ದು ಆ ದಿನವೇ.

ಈ ಪುರವಣಿಯನ್ನು ಮಕ್ಕಳು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಮುಂದಿನ ವಾರ ದಯವಿಟ್ಟು ತಿದ್ದುಪಡಿ ಹಾಕಿ, ಬುರುಡೆಯ ಪಕ್ಕದಲ್ಲಿ ಆ ಮರಳು ಗಡಿಯಾರವನ್ನೂ ಬರೆಸಿ.

– ನಿವೃತ್ತ ಹಡಗು ಅಧಿಕಾರಿ