ಹಳೆಯ ಡಾಲರ್ ದರಕ್ಕೆ 'ಲೈವ್' ಅನ್ನೋ ಹಣೆಪಟ್ಟಿ ಬೇಡ

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ನಿಮ್ಮ ಆ್ಯಪ್‌ನಲ್ಲಿ ನಿಂತುಹೋದ ದರವೂ 'ಲೈವ್' ಎಂದು ಕಾಣುತ್ತಿರುವ ಬಗ್ಗೆ

ನಾನು ತೀರ್ಥಹಳ್ಳಿಯವನು. ಸುತ್ತಲಿನ ಅಡಿಕೆ ತೋಟಗಳಿಂದ ಕಾಳುಮೆಣಸು ಕೊಂಡು ಹೊರದೇಶಕ್ಕೆ ಕಳಿಸುತ್ತೇನೆ. ಹಣ ಬರುವುದು ಡಾಲರ್‌ನಲ್ಲಿ, ಅದೂ ತಡವಾಗಿ. ಅಷ್ಟರೊಳಗೆ ಡಾಲರ್ ಇಳಿದರೆ ನಷ್ಟ ನನಗೇ ಅಲ್ವಾ? ಅದಕ್ಕೇ ಎನ್‌ಎಸ್‌ಇಯಲ್ಲಿ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಡಾಲರ್-ರೂಪಾಯಿ ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕದ ಡಾಲರ್ ದರವನ್ನು ಈಗಲೇ ಗೊತ್ತುಮಾಡಿಕೊಳ್ಳುವ ಒಪ್ಪಂದ, ಮಾರಿಟ್ಟುಕೊಳ್ಳುತ್ತೇನೆ. ದರ ನೋಡಲೆಂದೇ ನಿಮಗೆ ವರ್ಷದ ಚಂದಾ ಕಟ್ಟಿದ್ದೇನೆ.

ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ಆಗಾಗ ಹೋಗುತ್ತದೆ. ಆಗ ನಿಮ್ಮ ಆ್ಯಪ್‌ನಲ್ಲಿ ದರ ನಿಂತುಬಿಡುತ್ತದೆ, ಪಕ್ಕದ 'ಲೈವ್' ಹಸಿರು ಚುಕ್ಕಿ ಮಾತ್ರ ಉರಿಯುತ್ತಲೇ ಇರುತ್ತದೆ. ಯೂರೋ-ಡಾಲರ್ ದರ ಸದಾ ಅಲ್ಲಾಡುತ್ತಿರುತ್ತದೆ, ಅದಾಗಿದ್ದರೆ ನಿಂತದ್ದು ಕೂಡಲೇ ಗೊತ್ತಾಗುತ್ತಿತ್ತು. ರೂಪಾಯಿ ಹಾಗಲ್ಲ. ಎಷ್ಟೋ ಹೊತ್ತು ಕಾಲು ಪೈಸೆ, ಅರ್ಧ ಪೈಸೆಯಲ್ಲೇ ಆಡುತ್ತಿರುತ್ತದೆ. ಮಾರುಕಟ್ಟೆ ತಣ್ಣಗಿದೆಯೋ, ನಿಮ್ಮ ದರ ಸತ್ತಿದೆಯೋ ನೋಡಿದವರಿಗೆ ತಿಳಿಯುವುದೇ ಇಲ್ಲ.

ಕಳೆದ ವಾರ ಹೀಗೇ ಆಯಿತು. ಪರದೆಯಲ್ಲಿದ್ದ ದರಕ್ಕಿಂತ 25 ಪೈಸೆ ಕಡಿಮೆಗೆ ನನ್ನ ಮಾರಾಟ ಆಗಿದೆ. ಫ್ಯೂಚರ್ಸ್ ಮಾರುವುದು ಲಾಟ್ ಲೆಕ್ಕದಲ್ಲಿ. ಒಂದು ಲಾಟ್ ಅಂದರೆ 1000 ಡಾಲರ್, ಅಂದರೆ ಲಾಟ್‌ಗೆ 250 ರೂಪಾಯಿ ವ್ಯತ್ಯಾಸ. ನಾನು ಮಾರಿದ್ದು 20 ಲಾಟ್. ಸಂಜೆ ನೋಡಿದರೆ ಚಾರ್ಟ್‌ನಲ್ಲಿ ಆ ಹೊತ್ತಿನ ಕ್ಯಾಂಡಲ್‌ಗಳು (ದರದ ಏರಿಳಿತ ತೋರಿಸುವ ಕಂಬಗಳು) ಆಮೇಲೆ ಸರಿಯಾಗಿ ತುಂಬಿದ್ದವು. ನಡುವೆ ದರ ನಿಂತಿತ್ತು ಅನ್ನೋದಕ್ಕೆ ಒಂದು ಗುರುತೂ ಇಲ್ಲ. ನನಗೆ ಜಾಸ್ತಿ ಬೇಸರವಾಗಿದ್ದು ಇದರಿಂದಲೇ.

ಫೋನ್ ಮಾಡಿದರೆ 'ಇಂಟರ್‌ನೆಟ್ ಸರಿ ಮಾಡ್ಕೊಳ್ಳಿ' ಅಂದರು. ನೆಟ್‌ವರ್ಕ್ ಹೋದದ್ದು ನಿಮ್ಮ ತಪ್ಪಲ್ಲ, ಒಪ್ಪುತ್ತೇನೆ. ಹೋಗಿದೆ ಅಂತ ತೋರಿಸದೇ ಇರುವುದು ನಿಮ್ಮದೇ ತಪ್ಪು.

ಇನ್ನೊಂದು ಮಾತು. ಆಯಾ ತಿಂಗಳು ಮುಗಿಯುವ ಫ್ಯೂಚರ್ಸ್ ಕಾಂಟ್ರ್ಯಾಕ್ಟ್‌ನ ವಹಿವಾಟು ಅದರ ಕೊನೆಯ ದಿನ ಮಧ್ಯಾಹ್ನ 12:30ಕ್ಕೇ ನಿಲ್ಲುತ್ತದೆ. ನಿಮ್ಮಲ್ಲಿ ಅದೂ ಸಂಜೆ 5ರವರೆಗೆ 'ಲೈವ್'!

ಪ್ರತಿ ದರದ ಪಕ್ಕ ಅದು ಬಂದ ಸಮಯವನ್ನು ಸೆಕೆಂಡ್ ಸಮೇತ ತೋರಿಸಿ. ದರ ನಿಂತ ಕೂಡಲೇ ಬಣ್ಣ ಬದಲಾಗಲಿ. ಆಮೇಲೆ ತುಂಬಿದ ಕ್ಯಾಂಡಲ್‌ಗೆ ಗುರುತು ಹಾಕಿ. ಸ್ಕ್ರೀನ್‌ಶಾಟ್, ಬ್ರೋಕರ್ ಕೊಟ್ಟ ಕಾಂಟ್ರ್ಯಾಕ್ಟ್ ನೋಟ್ (ವಹಿವಾಟಿನ ಚೀಟಿ) ಎರಡನ್ನೂ ಲಗತ್ತಿಸಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಇದನ್ನು ಸರಿಪಡಿಸಲು ಆಗದಿದ್ದರೆ ಉಳಿದ ತಿಂಗಳುಗಳ ಚಂದಾ ವಾಪಸ್ ಮಾಡಿ.

ಇಂತಿ,
ನಿಮ್ಮ ಚಂದಾದಾರ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ