ಇವರು ಮನೆಗೆ ಬಂದಿದ್ದಾರೆ

ಬದಿಯಡ್ಕದ ನಮ್ಮ ನೆರೆಕರೆಯವರಿಗೆ, ನೆಂಟರಿಷ್ಟರಿಗೆ, ಫೋನು ಮಾಡಿ ವಿಚಾರಿಸಿಕೊಂಡ ಎಲ್ಲರಿಗೂ ನಮಸ್ಕಾರ. ಒಬ್ಬೊಬ್ಬರಿಗೇ ಹೇಳಿ ಮುಗಿಯದು ಎಂದು ಇಲ್ಲಿ ಬರೆಯುತ್ತಿದ್ದೇನೆ. ಇವರೇ ಬರೆಯಬೇಕಿತ್ತು, ಆದರೆ ಬಲಗೈ ಬೆರಳುಗಳು ಇನ್ನೂ ಮಾತು ಕೇಳುತ್ತಿಲ್ಲ.

ಮೊದಲು ಒಂದು ವಿಷಯ. "ಆಪರೇಷನ್ ಮಾಡಿಸದಿದ್ದರೆ ಸ್ಟ್ರೋಕ್ ಆಗುತ್ತಿರಲಿಲ್ಲ" ಎಂದು ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಮಾತು ಬಂತಂತೆ, ನಾದಿನಿ ಹೇಳಿದಳು. ಮಾಡಿಸದಿದ್ದರೆ ಶ್ವಾಸಕೋಶದ ಗಡ್ಡೆ ಏನಾಗುತ್ತಿತ್ತು ಎನ್ನುವುದನ್ನು ಮಾತ್ರ ಆ ಪಂಕ್ತಿಯಲ್ಲಿ ಯಾರೂ ಹೇಳಲಿಲ್ಲ. ಎಡ ಶ್ವಾಸಕೋಶದ 2 ಹಾಲೆಗಳಲ್ಲಿ, ಅಂದರೆ ಭಾಗಗಳಲ್ಲಿ, ಮೇಲಿನದನ್ನು ಪೂರ್ತಿ ತೆಗೆದರು. ಗ್ರಂಥಿಗಳಿಗೆ ಹರಡಿಲ್ಲ ಎಂದು ಪರೀಕ್ಷೆಯ ವರದಿ ಬಂದಿದೆ. ಸರ್ಜನ್ ಮಾಡಿದ ಕೆಲಸ ಅದು, ಚೆನ್ನಾಗಿಯೇ ಮಾಡಿದ್ದಾರೆ. ಅವರ ಮೇಲೆ ದೂರು ಹೊರಿಸುವವರಿಗೆ ಮನೆಯವಳಾಗಿ ನಾನೇ ಉತ್ತರ ಹೇಳುತ್ತೇನೆ.

ಆದದ್ದು ಇಷ್ಟು. ಶ್ವಾಸಕೋಶದಿಂದ ರಕ್ತ ತರುವ ನಾಳಗಳು ನೇರವಾಗಿ ಹೃದಯದ ಎಡ ಮೇಲ್ಕೋಣೆಗೆ ಸೇರುತ್ತವೆ. ಹಾಲೆ ತೆಗೆಯುವಾಗ ಅಲ್ಲೇ ಹತ್ತಿರದಲ್ಲಿ ನಾಳವನ್ನು ಕತ್ತರಿಸಿ ಮುಚ್ಚಬೇಕಾಗುತ್ತದೆ. ಆ ಊತಕ್ಕೆ, ನೋವಿಗೆ, ಶರೀರಕ್ಕಾದ ಆಘಾತಕ್ಕೆ ಹೃದಯ ಲಯ ತಪ್ಪುವುದುಂಟು. ಈ ಆಪರೇಷನ್ ಆದ ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ, ಅದೂ ಹೆಚ್ಚಾಗಿ 2ನೇ ಅಥವಾ 3ನೇ ದಿನ. ಇವರಿಗೂ 3ನೇ ದಿನವೇ. "ಎದೆಯೊಳಗೆ ಏನೋ ಪಟಪಟ" ಎಂದರು, ನೋಡಿದರೆ ನಾಡಿ 140 ದಾಟಿತ್ತು. ಮೇಲ್ಕೋಣೆ ಸರಿಯಾಗಿ ಹಿಂಡುವ ಬದಲು ಬರೇ ನಡುಗುತ್ತಿದ್ದರೆ ಅದರ ಮೂಲೆಯ ಚೀಲದಲ್ಲಿ ರಕ್ತ ನಿಲ್ಲುತ್ತದೆ. ತೋಟದ ಕಣಿಯಲ್ಲಿ ನೀರು ಓಡದಿದ್ದರೆ ಕೆಸರು ಕಟ್ಟಿದ ಹಾಗೆ ಹೆಪ್ಪು ಕಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು, ಅದೇ ಸ್ಟ್ರೋಕ್. ಲಯ ತಪ್ಪಿದವರಿಗೆಲ್ಲ ಹೀಗಾಗುವುದಿಲ್ಲ, ತೀರಾ ಅಪರೂಪವಂತೆ. ಇವರ ಪಾಲಿಗೆ ಬಂತು.

ನನ್ನ ದೊಡ್ಡ ನಮಸ್ಕಾರ ಆ ರಾತ್ರಿಪಾಳಿಯ ಸಿಸ್ಟರಿಗೆ. ಪಯ್ಯನ್ನೂರು ಕಡೆಯ ಹುಡುಗಿ, ನಮ್ಮ ಮಗಳ ಪ್ರಾಯ. ಬೆಳಗಿನ ಜಾವ ಮಾತ್ರೆ ಕೊಡಲು ಬಂದಾಗ ಇವರ ಕೈಯಿಂದ ಮಾತ್ರೆ ಜಾರಿತು. ನಿದ್ದೆಗಣ್ಣು ಎಂದು ನಾನು ಹೆಕ್ಕಿಕೊಡಲು ಬಗ್ಗಿದೆ. ಅವಳು "ಅಚ್ಛಾ, ಒಮ್ಮೆ ನಗಿ, ಎರಡೂ ಕೈ ಎತ್ತಿ" ಎಂದಳು. ಬಾಯಿ ಒಂದು ಬದಿಗೆ ಎಳೆದಿತ್ತು, ಬಲಗೈ ಎತ್ತುತ್ತಿದ್ದಂತೆ ಇಳಿಯಿತು. ನಾನು ಮಾತ್ರೆ ಹುಡುಕುತ್ತಿರುವಾಗಲೇ ಅವಳು ಡಾಕ್ಟರಿಗೆ ಫೋನು ಮಾಡಿ ಆಗಿತ್ತು. ನಾಲ್ಕೂವರೆ ಗಂಟೆಯೊಳಗೆ ಕೊಡುವ ಹೆಪ್ಪು ಕರಗಿಸುವ ಇಂಜೆಕ್ಷನ್ ಇವರಿಗೆ ಕೊಡುವಂತಿರಲಿಲ್ಲ, ಎದೆಯ ಗಾಯ ಹಸಿ, ಒಳಗೆ ರಕ್ತ ಹರಿದೀತು. ಹಾಗಾಗಿ ತೊಡೆಸಂದಿಯ ರಕ್ತನಾಳದಿಂದ ಸಪೂರ ನಳಿಗೆಯನ್ನು ಮೆದುಳಿನವರೆಗೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆದರು. ಆ ಡಾಕ್ಟರರ ಮುಖವನ್ನು ನಾನು ಸರಿಯಾಗಿ ನೋಡಲೂ ಇಲ್ಲ.

ಮಾತು ಕಲಿಸಿದ ಥೆರಪಿಯ ಹುಡುಗಿಯನ್ನು ಹೇಗೆ ಮರೆಯಲಿ! ಏಳು ಭಾಷೆಯ ನೆಲ ಎಂದು ನಾವು ಹೆಮ್ಮೆಪಡುವ ಊರಿನವರು. ಮನೆಯಲ್ಲಿ ಹವ್ಯಕ, ಅಂಗಡಿಯಲ್ಲಿ ಮಲಯಾಳ, ಆಳುಗಳೊಂದಿಗೆ ತುಳು ಆಡುತ್ತಿದ್ದ ಇವರಿಗೆ ಸ್ಟ್ರೋಕ್ ಆದ ಮೇಲೆ ಒಂದರಲ್ಲೂ ನೀರು ಕೇಳಲು ಬರುತ್ತಿರಲಿಲ್ಲ. ಬಾಯಿಗೆ ಬಂದದ್ದು "ಮಜ್ಜಿಗೆ". ಮಜ್ಜಿಗೆ ಕೊಟ್ಟರೆ ಸಿಟ್ಟು. ಆ ಹುಡುಗಿ ಮಗ್ಗಿ ಶುರುಮಾಡಿಸಿದಳು. ಎರಡೊಂದ್ಲ ಎರಡರಿಂದ ಎರಡ್ಹತ್ಲ ಇಪ್ಪತ್ತರವರೆಗೆ ತಡವರಿಸದೆ ಹೇಳಿಬಿಟ್ಟರು! ಬಾಯಿಪಾಠ ಮಾಡಿದ್ದು ಮೊದಲು ಮರಳಿ ಬರುತ್ತದಂತೆ. ನಮ್ಮ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರಿಗೂ ಒಂದು ನಮಸ್ಕಾರ ಸಲ್ಲಬೇಕು, ಅವರು ಈಗಿಲ್ಲ.

ಇತ್ತ ಮನೆಯಲ್ಲಿ ಅಡಿಕೆಗೆ ಎರಡನೇ ಮದ್ದು ಬಿಡುವ ಸಮಯ. ಮೊದಲಿನದು ಬಿಟ್ಟು 45 ದಿನ ದಾಟಿದರೆ ಕೊಳೆರೋಗ ಕಾದು ಕೂರುವುದಿಲ್ಲ. ಮರ ಹತ್ತುವವರೇ ಸಿಗದ ಕಾಲದಲ್ಲಿ ಕೆಳಗಿನ ಮನೆಯ ಅಣ್ಣತಮ್ಮಂದಿರು ಮಳೆ ಬಿಟ್ಟ ಹೊತ್ತು ನೋಡಿ ಮೈಲುತುತ್ತು, ಸುಣ್ಣ ತಂದು ಮದ್ದು ಸಿಂಪಡಿಸಿ ಹೋಗಿದ್ದಾರೆ. ದುಡ್ಡು ಕೇಳಿದರೆ ಕೈಮುಗಿಯುತ್ತಾರೆ. ಹಸುಗಳನ್ನು ನೋಡಿಕೊಂಡ ಭಾವನ ಮನೆಯವರು, ರಕ್ತ ಕೊಟ್ಟ ಹುಡುಗರು, ಹೊತ್ತುಗೊತ್ತು ನೋಡದೆ ಕುಂಬಳೆಯ ದಾರಿಯಲ್ಲಿ ಕರೆದೊಯ್ದ ಬ್ಯಾರಿ ಅಣ್ಣ, ನಿಮ್ಮ ಋಣ ಹಾಗೆಯೇ ಇರಲಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿದ್ದರೂ ದೊಡ್ಡ ಕಾಯಿಲೆಗೆ ನಮಗೆ ಇಂದಿಗೂ ಮಂಗಳೂರೇ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿ, ಆಸ್ಪತ್ರೆ ಸೇರಲಾಗದೆ ನಮ್ಮ ಕಾಸರಗೋಡು ಜಿಲ್ಲೆಯವರು ತೀರಿಹೋದದ್ದು ಆ ದಾರಿಯಲ್ಲಿ ಪ್ರತಿಸಲವೂ ನೆನಪಾಗುತ್ತದೆ.

ಇನ್ನು ಕಷಾಯದ ಪುಡಿ, ಲೇಹ್ಯ ತಂದುಕೊಟ್ಟವರು ಬೇಸರಿಸಬೇಡಿ, ಎಲ್ಲವೂ ಕಪಾಟಿನಲ್ಲಿದೆ. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೆರಡು ಸಲ ಮಾತ್ರೆ ಇದೆ, ಅದರೊಂದಿಗೆ ಡಾಕ್ಟರನ್ನು ಕೇಳದೆ ಏನನ್ನೂ ಕೊಡುವಂತಿಲ್ಲ.

ಬರುವವರು ಸಂಜೆ ನಾಲ್ಕರ ಮೇಲೆ ಬನ್ನಿ, ಮಧ್ಯಾಹ್ನ ಮಲಗುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ಇವರು ಶಬ್ದಕ್ಕೆ ತಡಕಾಡುವಾಗ ನೀವೇ ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ. ಮಜ್ಜಿಗೆ ಕೇಳಿದರೆ ಈಗ ಮಜ್ಜಿಗೆಯೇ ಬೇಕಾಗಿರುತ್ತದೆ.