ಎಸ್‌ಡಿಎಂಸಿ ಅಧ್ಯಕ್ಷನಾದ ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಊರ ಶಾಲೆಯ ಎಸ್‌ಡಿಎಂಸಿಗೆ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನೀನೇ ಅಧ್ಯಕ್ಷ ಅಂತ ತಿಳಿದು ಖುಷಿಯಾಯಿತು. ದಾನಿಗಳನ್ನು ಹಿಡಿದು ಗೋಡೆಗೆಲ್ಲ ಬಣ್ಣ ಹೊಡೆಸುತ್ತೇನೆ ಅಂದಿದ್ದೀಯ. ಹೊಡೆಸು, ಬೇಡ ಅನ್ನುವುದಿಲ್ಲ. ಆದರೆ ಮೊದಲು ಹೆಡ್‌ಮೇಷ್ಟ್ರ ಬೀರುವಿನಲ್ಲಿರುವ ನಡಾವಳಿ ಪುಸ್ತಕ, ಅಂದರೆ ಸಭೆಯ ತೀರ್ಮಾನ ಬರೆದಿಡುವ ಪುಸ್ತಕ, ತೆಗೆಸಿ ಓದು. ಸಮಿತಿಯ ಬಲವೆಲ್ಲ ಇರುವುದು ಅದರಲ್ಲೇ.

ಕರ್ನಾಟಕಕ್ಕೆ ಈ ಸಮಿತಿಗಳು 2001ರಲ್ಲೇ ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಅವಕ್ಕೆ ಕಾನೂನಿನ ಆಸರೆ ಕೊಟ್ಟಿತು: ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಅನುದಾನ ಎಲ್ಲಿ ಹೋಯಿತು ಅಂತ ಕೇಳುವುದು, ಶಾಲಾಭಿವೃದ್ಧಿ ಯೋಜನೆ ಬರೆಯುವುದು ನಿಮ್ಮ ಕೆಲಸ. ಚಂದಾ ಎತ್ತುವುದೇ ಸಮಿತಿಯ ಕೆಲಸ ಅಂತ ಊರಲ್ಲಿ ಯಾರು ಹಬ್ಬಿಸಿದರೋ!

ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಆಮೇಲೆ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ, ಸದಸ್ಯೆಯ ಬದಲು ಗಂಡ ಬಂದು ಕೂರುತ್ತಾನೆ. ಡೈರಿಗೆ ಹಾಲು ಹಾಕಿ ಬಂದ ಮೇಲೆ, ಸಂಜೆ ಏಳರ ಹೊತ್ತಿಗೆ ಕರೆ. ಒಂದು ಸಭೆಗೆ ಎರಡು ಮೂರು ವಿಷಯ ಸಾಕು. ‘ಶೌಚಾಲಯ ಸರಿಪಡಿಸಲು ತೀರ್ಮಾನಿಸಲಾಯಿತು’ ಅಂತ ಬರೆದರೆ ಏನೂ ಬರೆಯದ ಹಾಗೆಯೇ. ಹೀಗೆ ಬರೆಸು: ಹೆಣ್ಣುಮಕ್ಕಳ ಶೌಚಾಲಯದ ಎರಡನೇ ಬಾಗಿಲಿಗೆ ಒಳಚಿಲಕ, ಟ್ಯಾಂಕಿನಿಂದ ಅಲ್ಲಿಗೆ ಪೈಪು, ಒಂದು ನಲ್ಲಿ, ಒಂದು ಬಕೆಟ್ಟು, ದುಡ್ಡು ಶಾಲಾ ಅನುದಾನದಿಂದ, ಮಾಡಿಸುವವರು ಇಂಥವರು, ಇಂಥ ತಾರೀಖಿನೊಳಗೆ. ಮುಂದಿನ ಸಭೆಯಲ್ಲಿ ಮೊದಲು ಆ ಸಾಲನ್ನೇ ಓದಿಸು.

ಶೌಚಾಲಯದ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಕಟ್ಟಡ ಇದ್ದೂ ಬಳಕೆಯಾಗದಿದ್ದರೆ ಕಾರಣ ಸಾಮಾನ್ಯವಾಗಿ ನೀರು, ಇಲ್ಲವೇ ಬೀಗ. ನೀರಿಲ್ಲದ್ದಕ್ಕೆ ಗಲೀಜು, ಗಲೀಜಾಗುತ್ತದೆಂದು ಬೀಗ. ಸರ್ಕಾರಿ ಶಾಲೆಗಳಿಗೆ ಅನುದಾನ ಕೊಡುವ ಸಮಗ್ರ ಶಿಕ್ಷಾ ಯೋಜನೆಯ ಲೆಕ್ಕದಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಅಂದರೆ 2,500. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 250. ಫಿನಾಯಿಲ್, ಬ್ರಷ್ಷಿಗೆ ಆಗಬಹುದು, ತೊಳೆಯುವವರ ಕೂಲಿಗೆ ಆಗುವುದಿಲ್ಲ. ಹಾಗಂತ ಮಕ್ಕಳ ಕೈಲಿ ತೊಳೆಸುವುದಂತೂ ಕೂಡದು. ಆ ಕೂಲಿಯನ್ನು ಪಂಚಾಯಿತಿಯಲ್ಲಿ ಲಿಖಿತವಾಗಿ ಕೇಳಬೇಕು.

ಬಿಸಿಯೂಟಕ್ಕೆ ತಕ್ಕಡಿ ಇದೆಯಾ ನೋಡು. ಐದನೇ ತರಗತಿವರೆಗೆ ಒಂದು ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50. ಆರರಿಂದ ಎಂಟಕ್ಕೆ 150, 30, 75. ಇವತ್ತು ಚಿಕ್ಕವರು 40, ದೊಡ್ಡವರು 22 ಬಂದಿದ್ದರೆ ಅಕ್ಕಿ 7.3 ಕೆಜಿ, ಬೇಳೆ ಸುಮಾರು ಒಂದೂವರೆ ಕೆಜಿ, ತರಕಾರಿ 3.65 ಕೆಜಿ. ದಿನಕ್ಕೊಬ್ಬ ತಾಯಿ ಬಂದು ತೂಕ ನೋಡಿ, ಬಡಿಸುವ ಮೊದಲು ರುಚಿ ನೋಡಿ, ರಿಜಿಸ್ಟರಿಗೆ ಸಹಿ ಹಾಕಲಿ. ಸಾರು ತೆಳ್ಳಗಿದ್ದರೆ ಅಡುಗೆಯವರ ಮೇಲೆ ಕೂಗಾಡಬೇಡ. ತರಕಾರಿ ದರ ಏರಿದರೂ ಸರ್ಕಾರ ಕೊಡುವ ದುಡ್ಡು ಅದರ ಜೊತೆ ಏರುವುದಿಲ್ಲ. ಕೊರತೆ ಎಷ್ಟು ಅಂತ ಅದೇ ರಿಜಿಸ್ಟರಲ್ಲಿ ಬರೆಸು.

ಇನ್ನು ದಾಖಲಾತಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಒಂದು ಮಗು ಕಾನ್ವೆಂಟಿನ ವ್ಯಾನು ಹತ್ತಿದರೆ 61 ಇದ್ದದ್ದು 60 ಆಗಿ, ಒಬ್ಬ ಮೇಷ್ಟ್ರೇ ಲೆಕ್ಕಕ್ಕಿಂತ ‘ಹೆಚ್ಚುವರಿ’ ಆಗಿಬಿಡಬಹುದು. ಆದ್ದರಿಂದ ಮನೆಮನೆಗೆ ಹೋಗುವುದು ಏಪ್ರಿಲ್‌–ಮೇನಲ್ಲೇ ಆಗಲಿ. ಜೂನ್‌ನಲ್ಲಿ ಹೋದರೆ ಅಷ್ಟೊತ್ತಿಗೆ ಫೀಸು ಕಟ್ಟಿರುತ್ತಾರೆ.

ಆದರೆ ಅಪ್ಪ ಅಮ್ಮ ಕೇಳುವುದು ಒಂದೇ: ‘ನಮ್ಮ ಹುಡುಗ ಓದ್ತಾನಾ?’ ಪೋಷಕರ ಸಭೆಯಲ್ಲಿ ಎಲ್ಲರ ಮುಂದೆ ಅಂಕ ಓದಿಸಬೇಡ. ಒಂದು ಸಲ ಅವಮಾನ ಆದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಒಂದು ಮೂಲೆಯಲ್ಲಿ ತಾಯಿ, ಮಗು, ಮೇಷ್ಟ್ರು ಮೂವರೇ ಕೂರಲಿ. ಎರಡನೇ ತರಗತಿ ಕನ್ನಡ ಪುಸ್ತಕದ ನಾಲ್ಕು ಸಾಲನ್ನು ಮಗು ಓದಲಿ. ಅಕ್ಷರ ಬಾರದ ತಾಯಿಗೂ ಮಗು ತಡವರಿಸುವುದು ಕಿವಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅವಳೇ ಕೇಳುತ್ತಾಳೆ, ನೀನು ಕೇಳಬೇಕಾಗಿಲ್ಲ. ಹಾಜರಿ, ಕಲಿಕೆಯ ಬಗ್ಗೆ ಪೋಷಕರಿಗೆ ತಿಳಿಸುವುದು ಅದೇ ಕಾಯ್ದೆಯ 24ನೇ ಕಲಂ ಪ್ರಕಾರ ಶಿಕ್ಷಕರ ಕರ್ತವ್ಯವೇ. ಹಾಗಾಗಿ ಯಾರಿಗೂ ಹೊಸ ಹೊರೆ ಹೊರಿಸಿದಂತಾಗುವುದಿಲ್ಲ. ಮೇಷ್ಟ್ರನ್ನು ಎದುರಾಳಿ ಮಾಡಿಕೊಳ್ಳಬೇಡ ಮಾರಾಯ. ಮೂರು ತರಗತಿಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರೆ ಅತಿಥಿ ಶಿಕ್ಷಕರಿಗಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅವರ ಜೊತೆ ನೀನೂ ಹೋಗು.

ಶಾಲಾಭಿವೃದ್ಧಿ ಯೋಜನೆ ಮೂರು ವರ್ಷಕ್ಕೆ. ಡಿಸೆಂಬರ್ ಒಳಗೆ ಬರೆದು ಮುಗಿಸಿದರೆ ಪಂಚಾಯಿತಿಯ ಮುಂದಿನ ವರ್ಷದ ಕ್ರಿಯಾಯೋಜನೆಗೆ ಸೇರಿಸಲು ದಾರಿ ಇರುತ್ತದೆ. ಮಾರ್ಚ್‌ನಲ್ಲಿ ಕೊಟ್ಟರೆ ‘ಬರುವ ವರ್ಷ ನೋಡೋಣ’ ಅನ್ನುತ್ತಾರೆ. ಅರ್ಜಿಗೆ ಸಮಿತಿಯ ಠರಾವಿನ ನಕಲು ಲಗತ್ತಿಸು. ಎರಡು ಪ್ರತಿ ಒಯ್ದು, ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಂಡು ಬಾ. ಗ್ರಾಮಸಭೆ ಯಾವತ್ತು ಅಂತ ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ ತಿಳಿಸು, ಅರ್ಜಿಯ ಕರಡು ಕಳಿಸುತ್ತೇನೆ.

ನಿನ್ನ ಗೆಳೆಯ